ಕಲ್ಲುಸಕ್ಕರೆ ಕರಗುವ ತನಕ

ತೀರ್ಥಮ್ಮನ ಗಂಟಲಿನ ವಿಷಯವನ್ನು ತರೀಕೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಹಿತ್ತಿಲಲ್ಲಿ ನಿಂತು ಅವಳು ತನ್ನ ಹಸುವನ್ನು ಕರೆದರೆ ಪಕ್ಕದ ಬೀದಿಯ ಹಸುಗಳೂ ತಲೆ ಎತ್ತುತ್ತವೆ. ಗಂಡ ಮೃತ್ಯುಂಜಯನದು ಬೀದಿಯ ಕೊನೆಯಲ್ಲಿ ಕೊಬ್ಬರಿ ಮಂಡಿ. ಊಟಕ್ಕೆ ಕರೆಯಲು ಅವಳು ಇಂದಿನವರೆಗೆ ಅವನಿಗೆ ಫೋನ್ ಮಾಡಿದವಳಲ್ಲ. ಜಗಲಿಗೆ ಬಂದು ಒಂದು ಕೂಗು ಹಾಕುತ್ತಾಳೆ, ಮಂಡಿಯಲ್ಲಿದ್ದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ. ಮೃತ್ಯುಂಜಯ ಮಾತು ಕಮ್ಮಿಯ ಮನುಷ್ಯ. ಯಾಕಪ್ಪಾ ಹಿಂಗೆ ಅಂದರೆ, "ನನ್ನ ಪಾಲಿಂದೂ ಅವಳೇ ಆಡ್ಬಿಡ್ತಾಳೆ ಕಣ್ರೀ, ನಂಗೆ ಏನು ಉಳ್ಸಿದಾಳೆ?" ಎಂದು ನಗುತ್ತಾನೆ.

ಅಂಥ ಗಂಟಲು ಸುಮ್ಮನೆ ಬಂದದ್ದಲ್ಲ. ಅವಳ ಅಪ್ಪ ಗಂಗಾಧರಯ್ಯ ವೀರಗಾಸೆಯಲ್ಲಿ ಒಡಪು ಹೇಳುತ್ತಿದ್ದವರು. ಕುಣಿತ ನಿಂತ ಗಳಿಗೆಯಲ್ಲಿ, ಕತ್ತಿ ಹಿಡಿದು ಮುಂದೆ ಬಂದು, ದಕ್ಷಯಜ್ಞದ ಕತೆಯನ್ನು ಎದೆ ನಡುಗುವ ಹಾಗೆ ಸಾರುತ್ತಾರಲ್ಲ, ಅದೇ ಒಡಪು. ಬಾಗಿಲ ಸಂದಿಯಲ್ಲಿ ನಿಂತು ಕೇಳಿ ಕೇಳಿಯೇ ಮಗಳಿಗೆ ಅದೆಲ್ಲ ಬಾಯಿಗೆ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅವಳು ಬೀದಿಯ ಹೆಂಗಸರನ್ನು ಸೇರಿಸಿ ವೀರಗಾಸೆಯ ಮೇಳ ಕಟ್ಟಿದಳು. ಕಾವಿ ಉಟ್ಟು, ರುದ್ರಾಕ್ಷಿ ತೊಟ್ಟು, ವಿಭೂತಿ ಬಳಿದು ನಿಂತರೆ ಯಾರು ಬೇಡ ಎನ್ನುತ್ತಾರೆ ಎಂದು ಅವಳು ತಿಳಿದಿದ್ದಳು.

ಬೇಡ ಎಂದವರು ಒಬ್ಬರೇ, ಆದರೆ ಅವರ ಮಾತು ಎಲ್ಲರಿಗಿಂತ ದೊಡ್ಡದು. ಸಿಂಗಟಗೆರೆಯ ದೇವೀರಪ್ಪನವರು ಈ ಸೀಮೆಯ ವೀರಗಾಸೆಗೆ ಹಿರಿಯರು, ಅವಳ ಅಪ್ಪನಿಗೂ ಕಲಿಸಿದವರು. ಒಡಪಿನ ಕೊನೆಗೆ ಹಿರಿಯರು "ಆಹಾ ರುದ್ರಾ!" ಎಂದು ದನಿ ಕೊಟ್ಟರೆ ಆ ಒಡಪು ಸಂದಿತು ಎಂದು ಲೆಕ್ಕ. ಹತ್ತು ವರ್ಷದ ಹಿಂದೆ, ಅಪ್ಪ ಒಡಪು ಹೇಳುತ್ತಿದ್ದ ಮಠದ ಅಂಗಳದಲ್ಲೇ ತೀರ್ಥಮ್ಮ ಮೊದಲ ಸಲ ಒಡಪು ಹೇಳಿ ಮುಗಿಸಿದಾಗ ಜನವೆಲ್ಲ ದೇವೀರಪ್ಪನವರ ಮುಖ ನೋಡಿತು. ಅವರು ಎಲೆಯಡಿಕೆ ಜಗಿಯುತ್ತಾ ಕೂತಿದ್ದರು.

"ಗಂಗಾಧರಯ್ಯನ ಮಗಳೇ," ಅಂದರು ಕೊನೆಗೆ. "ಇದು ಒಡಪಲ್ಲ ಕಣಮ್ಮ, ಕೂಗು. ಕೂಗು ಯಾರ್ ಬೇಕಾದ್ರೂ ಕೂಗ್ತಾರೆ. ಕರೀದೆ ಇರೋ ತೌರಿಗೆ ಬಂದು ಬಾಗ್ಲಲ್ಲಿ ನಿಂತವಳೆ ದಾಕ್ಷಾಯಿಣಿ. ಪಾಪ, ಅವಳನ್ನ ಒಂದು ಗಳಿಗೆ ನಿಲ್ಲೋಕೂ ಬಿಡ್ಲಿಲ್ಲ ನೀನು, ದಬಾಯಿಸ್ಕೊಂಡು ಒಳಗೆ ನುಗ್ಗಿಸ್ಬಿಟ್ಟೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಗೊತ್ತಿಲ್ದೆ ಇರೋರಿಗೆ ಒಡಪಿನ ಗೊಡವೆ ಯಾಕೆ? ಹೆಂಗಸರು ಆರತಿ ಹಿಡೀರಿ, ಸಾಕು."

ಅಷ್ಟೇ. ಅಂದಿನಿಂದ ತೀರ್ಥಮ್ಮನ ಮೇಳ ಮದುವೆ ದಿಬ್ಬಣಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಮಂತ್ರಿಗಳ ಸ್ವಾಗತಕ್ಕೆ ಎಲ್ಲ ಕಡೆಗೂ ಹೋಯಿತು. ಮಠದ ಅಂಗಳಕ್ಕೆ ಮಾತ್ರ ಕಾಲಿಡಲಿಲ್ಲ. ಬೇರೆಯವರು ಎಷ್ಟೇ ಚಪ್ಪಾಳೆ ತಟ್ಟಲಿ, ಅಪ್ಪ ನಿಂತಿದ್ದ ಆ ಕಲ್ಲುಹಾಸಿನ ಮೇಲೆ ನಿಂತು ಒಂದು ಸಲ "ಆಹಾ ರುದ್ರಾ" ಅನ್ನಿಸಿಕೊಳ್ಳದಿದ್ದರೆ ಅವಳಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹಠಮಾರಿ ಹೆಂಗಸು. ಅವರ ಮನೆಗೆ ಹೋಗಿ ಕಾಲು ಹಿಡಿದು ಬೇಡಿಕೊಳ್ಳೇ ಅಂದರೆ ಅದೂ ಇಲ್ಲ.

ಜೀವನಕ್ಕೆ ಅವಳು ಹಿಡಿದ ದಾರಿ ಬೇರೆಯೇ. ಊರು ನೋಡಲು ಬಂದವರನ್ನು ತನ್ನ ಹಳೆಯ ಓಮ್ನಿಯಲ್ಲಿ ಕೂರಿಸಿಕೊಂಡು ಇಡೀ ದಿನ ಸುತ್ತಿಸಿ ತೋರಿಸುವುದು. ದಿನಕ್ಕೆ ಒಂದೇ ಮನೆಯವರು. ಎರಡು ಮನೆಯವರನ್ನು ಸೇರಿಸಿದರೆ ಒಬ್ಬರಿಗೆ ಹಸಿವಾದಾಗ ಇನ್ನೊಬ್ಬರಿಗೆ ನಿದ್ದೆ ಬರುತ್ತದೆ ಅನ್ನುವುದು ಅವಳ ಅನುಭವ. ಬೆಳಗ್ಗೆ ಅಮೃತಾಪುರದ ಗುಡಿ, ಮಧ್ಯಾಹ್ನ ಅವಳ ಮನೆಯಲ್ಲೇ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಸಂಜೆಗೆ ಲಕ್ಕವಳ್ಳಿಯ ಭದ್ರಾ ಹಿನ್ನೀರು. ದನಕರುವಿನ ಆಸೆ ಇದ್ದವರಿಗೆ ಅಜ್ಜಂಪುರದ ಕಡೆಯ ಅಮೃತ್ ಮಹಲ್ ಹಸುಗಳೂ ಉಂಟು.

ಹಿನ್ನೀರು ಅಂದರೆ ಸಾಮಾನ್ಯವಲ್ಲ. ಬಯಲುಸೀಮೆಯಿಂದ ಬಂದವರು ಅದನ್ನು ನೋಡಿ "ಅಯ್ಯೋ, ಕಡಲು!" ಅನ್ನುತ್ತಾರೆ. ಬೇಸಿಗೆಗೆ ನೀರು ಇಳಿದಂತೆ ನಡುವೆ ಬೋಳು ದಿಬ್ಬಗಳು ಏಳುತ್ತವೆ. ಆ ದಿಬ್ಬಗಳ ಮೇಲೆ ಸಾವಿರಾರು ರೀವ ಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ತಲೆಗೆ ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಗೂಡು ಅಂತ ಏನೂ ಇಲ್ಲ, ಬರೀ ನೆಲ. ಬಿಸಿಲಿಗೆ ಮೊಟ್ಟೆ ಬೇಯದಿರಲಿ ಎಂದು ತಾಯಿಹಕ್ಕಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಅದರ ಮೇಲೆ ಕೂರುತ್ತದೆ.

ಅಲ್ಲಿ ದೋಣಿ ನಡೆಸುವವನು ಕಲ್ಲೇಶ್. ಅರಣ್ಯದವರ ಅಪ್ಪಣೆ ಪಡೆದು, ದಿಬ್ಬಗಳಿಗೆ ದೂರದಲ್ಲೇ ದೋಣಿ ನಿಲ್ಲಿಸಿ ಹಕ್ಕಿ ತೋರಿಸುವವನು. ಮೊದಲ ಬೇಸಿಗೆಯಲ್ಲಿ ತೀರ್ಥಮ್ಮ ದಾವಣಗೆರೆಯ ಒಂದು ಕುಟುಂಬವನ್ನು ಕರೆದುಕೊಂಡು ಅವನ ದೋಣಿ ಹತ್ತಿದಳು. ಆ ನೀರು, ಆ ಬೆಳಕು, ಆ ಹಕ್ಕಿಗಳ ಜಾತ್ರೆ ಕಂಡು ಅವಳಿಗೆ ಮೈಮೇಲೆ ಬಂದಂತಾಯಿತು. ನಮ್ಮವರ ಬುದ್ಧಿ ನೋಡಿ, ಸಂತೋಷವಾದರೆ ಕೂಗಬೇಕು, ದುಃಖವಾದರೆ ಕೂಗಬೇಕು, ದೇವರಿಗೆ ಕೈ ಮುಗಿದರೂ ಕೂಗಬೇಕು. ಎದ್ದು ನಿಂತವಳೇ ವೀರಭದ್ರನ ಒಡಪು ತೆಗೆದುಬಿಟ್ಟಳು.

ದಿಬ್ಬದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮೊಟ್ಟೆಗಳು ಉರಿಬಿಸಿಲಿನಲ್ಲಿ ಬತ್ತಲಾದವು. ಎಲ್ಲಿದ್ದವೋ ಏನೋ, ಎರಡು ಹದ್ದುಗಳು ಬಂದು ಎಲ್ಲರ ಕಣ್ಣೆದುರೇ ಎಗರಿಸಿಕೊಂಡು ಹೋದವು. ದಾವಣಗೆರೆಯವರು ಚಪ್ಪಾಳೆ ತಟ್ಟುತ್ತಿದ್ದರು, ಅವರಿಗೇನು ಗೊತ್ತು? ಕಲ್ಲೇಶ್ ತುಟಿ ಪಿಟಕ್ಕೆನ್ನದೆ ದೋಣಿ ತಿರುಗಿಸಿದ. ದಡಕ್ಕೆ ಬಂದ ಮೇಲೆ ಬಾಯಿಬಿಟ್ಟ.

"ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ. ನಾಳೆಯಿಂದ ನನ್ನ ದೋಣಿ ಹತ್ಬೇಡಿ. ಅವು ಎಷ್ಟು ದೂರದಿಂದ ಬಾಣಂತನಕ್ಕೆ ಅಂತ ಬಂದವೆ. ಬಾಣಂತಿ ಮಲಗಿರೋ ಕೋಣೇಲಿ ತಮಟೆ ಬಾರಿಸ್ತಾರೇನ್ರೀ?"

ತೀರ್ಥಮ್ಮ ಆ ದಿನ ಓಮ್ನಿಯಲ್ಲಿ ಕೂತು ಗಳಗಳ ಅತ್ತಳು. ಬೈದದ್ದಕ್ಕಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿಲ್ಲ ಎಂದು ಇನ್ನೊಬ್ಬರ ಬಾಯಲ್ಲೂ ಕೇಳಿದಂತಾಗಿತ್ತು, ಅದಕ್ಕೆ. ಮರುದಿನ ಒಬ್ಬಳೇ ಹೋದಳು, ಕೈಯಲ್ಲಿ ಕಲ್ಲುಸಕ್ಕರೆಯ ಡಬ್ಬಿ. "ಇದು ಬಾಯಲ್ಲಿ ಇರೋವರ್ಗೂ ನಾನು ಮಾತಾಡಲ್ಲ ಕಣೋ. ಸುಮ್ನೆ ಒಂದ್ಸಲ ಕರ್ಕೊಂಡು ಹೋಗು" ಎಂದಳು. ಕಲ್ಲೇಶ್ ನಂಬಲಿಲ್ಲ, ಆದರೂ ಕರೆದುಕೊಂಡು ಹೋದ. ದೊಡ್ಡದೊಂದು ಹರಳನ್ನು ದವಡೆಗೆ ಒತ್ತಿಕೊಂಡು ಅವಳು ಕೂತಳು. ಚೀಪಲಿಲ್ಲ, ಕಡಿಯಲಿಲ್ಲ.

ಮಾತಿಲ್ಲದೆ ಕೂತಾಗ ಕಣ್ಣು ಚುರುಕಾಯಿತು. ಒಂದು ರೀವ ನೀರಿನ ಮೇಲೆ ಹಾರುತ್ತಾ ಬಂತು. ಮೀನು ಕಂಡ ತಕ್ಷಣ ಬೀಳಲಿಲ್ಲ. ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತಿತು. ನಿಂತೇ ಇತ್ತು. ಆಮೇಲೆ ಸುಯ್ಯೆಂದು ಬಿದ್ದು ಮೀನು ಕಚ್ಚಿಕೊಂಡೇ ಎದ್ದಿತು. ತೀರ್ಥಮ್ಮನಿಗೆ ಬಾಗಿಲ ಸಂದಿ ನೆನಪಾಯಿತು. ಅಪ್ಪನೂ ಹೀಗೇ ನಿಲ್ಲುತ್ತಿದ್ದರಲ್ಲ! "ಬಾಗಿಲಲ್ಲಿ ನಿಂತಳು" ಅಂದ ಮೇಲೆ ಅಪ್ಪ ಏನನ್ನೂ ಹೇಳದ ಒಂದು ಗಳಿಗೆ ಇತ್ತು. ಮಾತೆಲ್ಲ ಕಲಿತ ಮಗಳು ಆ ಗಳಿಗೆಯನ್ನು ಕಲಿತಿರಲಿಲ್ಲ.

ಅಲ್ಲಿಂದ ಮುಂದೆ ಕಲ್ಲುಸಕ್ಕರೆ ಅವಳ ಕಾಯಿದೆಯಾಯಿತು. ದೋಣಿ ಹತ್ತುವಾಗ ಬಂದವರಿಗೆಲ್ಲ ಒಂದೊಂದು ಹರಳು. ಕರಗುವ ತನಕ ಯಾರೂ ಮಾತಾಡುವಂತಿಲ್ಲ. ಡಾಕ್ಟರಾದರೂ ಅಷ್ಟೆ, ಡ್ರೈವರಾದರೂ ಅಷ್ಟೆ. ಅವಳು ಬಾಯಿ ಮುಚ್ಚಿಕೊಂಡು ಒಳಗೊಳಗೇ ಒಡಪು ಹೇಳಿಕೊಳ್ಳುತ್ತಿದ್ದಳು, ನಿಲ್ಲಿಸುವ ಜಾಗಗಳನ್ನು ಹುಡುಕುತ್ತಿದ್ದಳು. ಹಾಗೇ ಐದು ಬೇಸಿಗೆ ಕಳೆದವು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಫೋನ್ ಬಂತು. ಕಡೂರಿನಲ್ಲಿ ಟೀಚರ್ ಆಗಿರುವ ಸ್ಫೂರ್ತಿ ಎಂಬ ಹುಡುಗಿ. "ನಮ್ಮಜ್ಜಂಗೆ ಎಂಬತ್ತು ತುಂಬ್ತು ಆಂಟಿ. ಬರೀ ಅಜ್ಜ, ನಾನು, ಇಬ್ರೇ. ಮನೆ ಹತ್ರಾನೇ ಬಂದು ಕರ್ಕೊಂಡು ಹೋಗ್ತೀರಾ? ಸಿಂಗಟಗೆರೆ" ಎಂದಳು. ಅಜ್ಜನ ಹೆಸರನ್ನು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ಬೆಳಗ್ಗೆ ಓಮ್ನಿ ಹೋಗಿ ನಿಂತಾಗ ಜಗಲಿಯ ಮೇಲೆ ಬಿಳಿ ಪಂಚೆ ಉಟ್ಟು, ಕೋಲು ಹಿಡಿದು ಕೂತಿದ್ದವರು ದೇವೀರಪ್ಪನವರು. ತೀರ್ಥಮ್ಮ ಕಿಟಕಿಯಿಂದ ಇಣುಕಿ ನೋಡಿದಳು. ಅವರೂ ನೋಡಿದರು. ಕಣ್ಣು ಮಂಜಾಗಿರಬಹುದು, ಗುರುತು ಮಂಜಾಗಿರಲಿಲ್ಲ.

"ಗಂಗಾಧರಯ್ಯನ ಮಗಳಾ?" ಅಂದರು. ದನಿ ಒಡೆದಿತ್ತು. ಎರಡು ವರ್ಷದಿಂದ ಅವರ ಗಂಟಲು ಬಿದ್ದುಹೋಗಿದೆ, ಒಡಪು ಹೇಳುವುದಿಲ್ಲ ಎಂದು ಅವಳೂ ಕೇಳಿದ್ದಳು.

"ಹೌದು ಯಜಮಾನ್ರೇ. ಹತ್ತಿ, ಹೊತ್ತಾಗುತ್ತೆ" ಎಂದು ಅವಳು ಬಾಗಿಲು ಎಳೆದಳು. ಒಳಗೆ ಮಾತ್ರ, ಈ ಮುದುಕನ ಬಾಯಲ್ಲಿ ಇವತ್ತು ಅನ್ನಿಸಿಕೊಳ್ಳದಿದ್ದರೆ ಇನ್ನು ಈ ಜನ್ಮದಲ್ಲಿಲ್ಲ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎಂಬತ್ತು ವರ್ಷ ಅಂದರೆ ತಮಾಷೆಯೇ?

ಅಮೃತಾಪುರದಲ್ಲಿ ಮುದುಕಪ್ಪ ಮೊದಲು ಅವಳನ್ನು ಕೆಣಕಿದರು. ಅಲ್ಲಿಯ ಗುಡಿಯ ದಕ್ಷಿಣದ ಗೋಡೆಯ ಮೇಲೆ ರಾಮಾಯಣ ಕೆತ್ತಿದೆ, ಆದರೆ ಅದು ಸಾಗುವುದು ಅಪ್ರದಕ್ಷಿಣೆಯಾಗಿ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕತೆ ಹಿಂದುಮುಂದಾಗಿ ಎದುರಾಗುತ್ತದೆ. ಕತೆಗಾಗಿ ದೇವರನ್ನು ಎಡಕ್ಕೆ ಸುತ್ತುವುದಕ್ಕೆ ತೀರ್ಥಮ್ಮ ಒಪ್ಪುವವಳಲ್ಲ. ಹಾಗಾಗಿ ಅವಳ ರಾಮಾಯಣ ಯುದ್ಧ ಗೆದ್ದಲ್ಲಿಂದ ಶುರುವಾಗಿ ಕಾಡಿಗೆ ಬಂದು, ಕಾಡಿನಿಂದ ಅರಮನೆಗೆ ಬಂದು, ಮಕ್ಕಳಿಲ್ಲದ ದಶರಥನ ನಿಟ್ಟುಸಿರಿಗೆ ಮುಗಿಯುತ್ತದೆ.

"ಏನಮ್ಮಾ ಇದು? ಬಾಲದಿಂದ ಹಸು ಕಟ್ಟಿದ ಹಾಗೆ!" ಅಂದರು ದೇವೀರಪ್ಪನವರು.

"ಶಿಲ್ಪಿ ಹಂಗೆ ಕಟ್ಟವನೆ, ನಾನು ಹಾಲು ಕರೀತಿದೀನಿ ಅಷ್ಟೆ" ಅಂದಳು ತೀರ್ಥಮ್ಮ. ಸ್ಫೂರ್ತಿ ಕಿಸಕ್ಕೆಂದು ನಕ್ಕಳು. ಅಜ್ಜ ನಗಲಿಲ್ಲ, ಆದರೆ ಕತೆ ಮುಗಿಯುವವರೆಗೆ ಕೋಲೂರಿ ನಿಂತೇ ಕೇಳಿದರು. ಮಧ್ಯಾಹ್ನ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಒಡಪಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಸಂಜೆ ಲಕ್ಕವಳ್ಳಿಯ ದಡದಲ್ಲಿ ಇಳಿದಾಗ ಮುದುಕರು ಕಣ್ಣಿಗೆ ಕೈ ಮರೆ ಮಾಡಿ ನೋಡಿದರು. "ಇಷ್ಟೊಂದು ನೀರಾ!" ಅಂದರು. "ನಮ್ಮೂರ ಕೆರೆ ತುಂಬಿದ್ರೆ ಹೋಳಿಗೆ ಮಾಡ್ತೀವಿ ಕಣಪ್ಪಾ. ಇದು ತುಂಬಿದ್ರೆ ಏನು ಮಾಡ್ತೀರೋ?" ಕಲ್ಲೇಶ್ ಅವರನ್ನು ಮಗುವಿನ ಹಾಗೆ ಎತ್ತಿ ದೋಣಿಯಲ್ಲಿ ಕೂರಿಸಿದ. ತೀರ್ಥಮ್ಮ ಡಬ್ಬಿ ತೆಗೆದು ಒಂದು ಹರಳು ಸ್ಫೂರ್ತಿಗೆ ಕೊಟ್ಟಳು, ಒಂದನ್ನು ತಾನು ಬಾಯಿಗೆ ಹಾಕಿಕೊಂಡಳು. ದೇವೀರಪ್ಪನವರು "ನಂಗೆ ಬೇಡ, ನಾನೇನು ಕೂಸಾ?" ಎಂದು ಕೈ ಸರಿಸಿದರು.

ದೋಣಿ ದಿಬ್ಬಕ್ಕೆ ದೂರದಲ್ಲಿ ನಿಂತಿತು. ಹಕ್ಕಿಗಳು ಕೂತಿದ್ದವು, ಇಳಿಬಿಸಿಲು ಅವುಗಳ ಬೆನ್ನ ಮೇಲಿತ್ತು. ಕೆಲವು ಮರಿಗಳು ಆಗಲೇ ಮೊಟ್ಟೆ ಒಡೆದು ಬಂದು ತಾಯಿಯ ಹೊಟ್ಟೆಯಡಿ ನುಸುಳುತ್ತಿದ್ದವು. ಆಚೆ ದಡದ ಕಲ್ಲಿನ ಮೇಲೆ ಎರಡು ನೀರುನಾಯಿಗಳು ಮೀನು ಹಂಚಿಕೊಂಡು ತಿನ್ನುತ್ತಿದ್ದವು. ದೇವೀರಪ್ಪನವರ ಕಣ್ಣಲ್ಲಿ ನೀರಾಡಿತು. ಅವರದೂ ಅದೇ ಜಾತಿ ಅಲ್ಲವೇ, ಎದೆ ತುಂಬಿದರೆ ಕೂಗಬೇಕು! ತಮ್ಮ ಗಂಟಲು ಏಳುವುದಿಲ್ಲ. ತಿರುಗಿ ತೀರ್ಥಮ್ಮನ ಮುಖ ನೋಡಿದರು.

"ಗಂಗಾಧರಯ್ಯನ ಮಗಳೇ," ಅಂದರು ಪಿಸುದನಿಯಲ್ಲಿ. "ಇಂಥಾ ಜಾಗದಲ್ಲಿ ಒಂದು ಒಡಪು ಬೀಳ್ಬೇಕು. ನನ್ನ ಕೈಲಾಗಲ್ಲ. ಹೇಳೇ ನೀನು. ದಾಕ್ಷಾಯಿಣಿದು ಹೇಳು."

ಹತ್ತು ವರ್ಷದಿಂದ ತೀರ್ಥಮ್ಮ ಯಾವ ಅವಕಾಶಕ್ಕೆ ಕಾದಿದ್ದಳೋ ಅದೇ ಅವಕಾಶ, ಅದೇ ಬಾಯಿಂದ. ಅಲ್ಲದೆ ಅದೇ ಒಡಪು. ಒಂದು ಸಲ, ಬರೀ ಒಂದು ಸಲ ಗಂಟಲು ಬಿಟ್ಟರೆ ಸಾಕು. ಕಲ್ಲೇಶ್ ಹುಟ್ಟನ್ನು ಬಿಗಿಯಾಗಿ ಹಿಡಿದು ಅವಳನ್ನೇ ನೋಡುತ್ತಿದ್ದ. ದಿಬ್ಬದ ಮೇಲೆ ಒಂದು ಮರಿ ತಾಯಿಯ ರೆಕ್ಕೆಯಡಿಯಿಂದ ಕುತ್ತಿಗೆ ಹೊರಗೆ ಹಾಕಿತು.

ತೀರ್ಥಮ್ಮ ಡಬ್ಬಿ ತೆರೆದಳು. ದೊಡ್ಡದೊಂದು ಹರಳು ಆರಿಸಿ ದೇವೀರಪ್ಪನವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ, ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಅಷ್ಟೇ ಉತ್ತರ.

ಸ್ಫೂರ್ತಿ ತಿರುಗಿ ನೋಡಿದಳು. ಅಜ್ಜನಿಗೆ ಹಾಗೆ ಬಾಯಿ ಮುಚ್ಚು ಅಂದವರನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ದೇವೀರಪ್ಪನವರು ಹರಳನ್ನೂ ತೀರ್ಥಮ್ಮನನ್ನೂ ಮತ್ತೆ ಮತ್ತೆ ನೋಡಿದರು. ಹುಬ್ಬು ಗಂಟಾಯಿತು. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು ಆ ಕಡೆ ಮುಖ ತಿರುಗಿಸಿದರು. ದೋಣಿ ಮರಳಿ ದಡ ಸೇರುವವರೆಗೂ ಅವರು ತಿರುಗಲಿಲ್ಲ. ಮುಗೀತು, ನನ್ನ ಕೈಯಾರೆ ನಾನೇ ಮುಗಿಸಿಕೊಂಡೆ ಅಂದುಕೊಂಡಳು ತೀರ್ಥಮ್ಮ. ಅಳುವನ್ನು ಸಕ್ಕರೆಯ ಜೊತೆ ನುಂಗಿಕೊಂಡಳು.

ದಡದಿಂದ ಮೇಲೆ ಹತ್ತಿ, ಹಕ್ಕಿಗಳ ದಿಬ್ಬ ಮರೆಯಾಗಿ, ಗುಡ್ಡದ ಈಚೆ ಓಮ್ನಿ ನಿಂತಿದ್ದ ಜಾಗಕ್ಕೆ ಬಂದರು, ಕಲ್ಲೇಶನೂ ಜೊತೆಗಿದ್ದ. ಅವಳು ಬಾಗಿಲು ತೆಗೆದಳು. ದೇವೀರಪ್ಪನವರು ಹತ್ತಲಿಲ್ಲ. ನಾಲಿಗೆಯಿಂದ ದವಡೆಯನ್ನು ಒಂದು ಸುತ್ತು ತಡಕಿ ನೋಡಿಕೊಂಡರು.

"ಕರಗ್ತು," ಅಂದರು. "ಹೂಂ. ಈಗ ಹೇಳು."

ತೀರ್ಥಮ್ಮ ಕಲ್ಲೇಶನ ಕಡೆ ನೋಡಿದಳು. "ಇಲ್ಲಿಂದ ಹೇಳಿ ಅಕ್ಕಾ, ಗುಡ್ಡ ಅಡ್ಡ ಐತೆ, ಅಲ್ಲಿಗೆ ಕೇಳಲ್ಲ" ಎಂದ ಅವನು. ಅವಳು ಚಪ್ಪಲಿ ಬಿಟ್ಟಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಕತ್ತಿಯಿರಲಿಲ್ಲ, ದೇವೀರಪ್ಪನವರ ಕೋಲನ್ನೇ ಕೇಳಿ ತೆಗೆದುಕೊಂಡಳು.

"ಕೇಳಿರಯ್ಯಾ ದಡದವರೇ, ಕೇಳಿರಮ್ಮಾ ನೀರಿನವರೇ! ಹೋಮ ಹೂಡಿದ ದಕ್ಷ, ಊರಿಗೆಲ್ಲ ಓಲೆ ಕಳಿಸಿದ, ಹೆತ್ತ ಮಗಳ ಹೆಸರು ಮರೆತ! ಕರೆಯದಿದ್ದರೂ ಬಂದಳು ದಾಕ್ಷಾಯಿಣಿ. ತೌರಿನ ಹಾದಿ ತುಳಿದು ಬಂದಳು. ಬಾಗಿಲಲ್ಲಿ ನಿಂತಳು."

ನಿಲ್ಲಿಸಿದಳು.

ಗಾಳಿ ಬೀಸುತ್ತಿತ್ತು. ಸ್ಫೂರ್ತಿಗೆ ಆ ಬಾಗಿಲು ಕಂಡಿತು, ಒಳಗಿನ ಹೊಗೆ ಕಂಡಿತು, ಬಾ ಎನ್ನದೆ ತಲೆ ತಗ್ಗಿಸಿದ ಬಂಧುಬಳಗವೆಲ್ಲ ಕಂಡಿತು. ಕೋಲು ಹಿಡಿದ ಹೆಂಗಸು ಅಲ್ಲಾಡಲಿಲ್ಲ. ಹತ್ತು ವರ್ಷ ಮಠದ ಅಂಗಳದ ಹೊರಗೆ ನಿಂತವಳಿಗೆ ಬಾಗಿಲಲ್ಲಿ ನಿಲ್ಲುವುದನ್ನು ಇನ್ನು ಯಾರೂ ಕಲಿಸಬೇಕಾಗಿರಲಿಲ್ಲ.

"ಬಾ ಅನ್ನುವವರಿಲ್ಲ! ಕೂರು ಅನ್ನುವವರಿಲ್ಲ! ಅನ್ನದಿದ್ದರೆ ಬೇಡ ಕಣಪ್ಪಾ, ಹುಟ್ಟಿದ ಮಗಳಿಗೆ ಹೊಸ್ತಿಲು ಗೊತ್ತು, ಇದು ನನ್ನ ಮನೆ, ಇದು ನನ್ನ ತೌರು!"

ಕೊನೆಯ ಮಾತಿಗೆ ಗುಡ್ಡ ಮಾರುತ್ತರ ಕೊಟ್ಟಿತು. ಅದು ಅಡಗುವ ಮೊದಲೇ ದೇವೀರಪ್ಪನವರು ಎರಡೂ ಕೈ ಮೇಲೆತ್ತಿದರು. ಬಿದ್ದುಹೋದ ಗಂಟಲನ್ನು ಎಲ್ಲಿಂದ ಎಳೆದು ತಂದರೋ, ಒಡೆದ ದನಿಯಲ್ಲೇ ಕೂಗಿದರು.

"ಆಹಾ ರುದ್ರಾ! ಆಹಾ... ತೀರ್ಥಮ್ಮಾ!"

ಅವರ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ತೀರ್ಥಮ್ಮ ಅವರ ಕಾಲಿಗೆ ಬಿದ್ದಳು. "ಗುರುಗಳೇ" ಅಂದಳು, ಇನ್ನೇನೂ ಹೊರಡಲಿಲ್ಲ. ಅವಳಿಗೆ ಮಾತು ಕಟ್ಟಿದ್ದನ್ನು ಕಲ್ಲೇಶ್ ಕಂಡದ್ದೂ ಅದೇ ಮೊದಲು.

"ಏಳವ್ವಾ, ಏಳು," ಅಂದರು ಮುದುಕರು, ಪಂಚೆಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ. "ನಿಲ್ಲಿಸೋದು ಕಲೀಲಿಲ್ಲ ಅಂತ ಅವತ್ತು ಅಂದೆ, ಅದು ಖರೆ. ಹೆಂಗಸರು ಆರತಿ ಹಿಡೀಲಿ ಅಂದೆ ನೋಡು, ಅದು ನನ್ನ ಕೊಬ್ಬು. ದೋಣಿಯಲ್ಲಿ ನಾನು ಕೇಳಿದ ತಕ್ಷಣ ನೀನು ಹೇಳಿದ್ದಿದ್ರೆ ಇವತ್ತೂ ನಾನು ಬಾಯಿ ಬಿಡ್ತಿರ್ಲಿಲ್ಲ. ಕಾರ್ತಿಕದ ಮೊದಲ್ನೇ ಸೋಮವಾರ ಮಠಕ್ಕೆ ಬಾ, ನಿನ್ನ ಹೆಂಗಸರನ್ನೆಲ್ಲ ಕರ್ಕೊಂಡು. ನಿಮ್ಮಪ್ಪ ನಿಲ್ತಿದ್ನಲ್ಲ, ಅದೇ ಕಲ್ಲು. ಮೊದಲ್ನೇ ಒಡಪು ನಿಂದು."

ತೀರ್ಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಗಂಡನಿಗೆ ಫೋನ್ ಹಚ್ಚಿದಳು. "ಏನ್ರೀ! ಅಂದ್ರು ಕಣ್ರೀ! ಆಹಾ ರುದ್ರಾ ಅಂದ್ರು!" ಎಂದು ಕಿರುಚಿದ ರಭಸಕ್ಕೆ ಸ್ಫೂರ್ತಿ ಕಿವಿ ಮುಚ್ಚಿಕೊಂಡಳು. "ಕೇಳ್ಸ್ತು ಕಣೇ," ಅಂದ ಆ ಕಡೆಯಿಂದ ಮೃತ್ಯುಂಜಯ. "ಫೋನ್ ಯಾಕೆ ದಂಡ ಮಾಡಿದೆ? ಕೂಗಿದ್ರೆ ಮಂಡಿಗೇ ಕೇಳ್ಸೋದು."

ಓಮ್ನಿ ಹೊರಟಿತು. ದೇವೀರಪ್ಪನವರು ಹಿಂದಿನ ಸೀಟು ಒಲ್ಲೆ ಎಂದು ತೀರ್ಥಮ್ಮನ ಪಕ್ಕದಲ್ಲೇ ಕೂತರು. ಲಕ್ಕವಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದವರು ಬೆಚ್ಚಿ ತಿರುಗಿ ನೋಡಿದರು. ಕಿಟಕಿಗಳೆಲ್ಲ ತೆರೆದಿದ್ದ ಹಳೆಯ ಗಾಡಿಯೊಳಗೆ ಒಬ್ಬ ಹೆಂಗಸು ಸ್ಟಿಯರಿಂಗ್ ಹಿಡಿದು ಒಡಪು ಹೇಳುತ್ತಿದ್ದಳು, ಒಬ್ಬ ಮುದುಕ ಕೋಲೆತ್ತಿ "ಆಹಾ ರುದ್ರಾ" ಅನ್ನುತ್ತಿದ್ದ. ತರೀಕೆರೆ ಬರುವ ತನಕ ಹಾಗೇ ನಡೆಯಿತು. ಕಲ್ಲುಸಕ್ಕರೆಯ ಡಬ್ಬಿ ಹಿಂದಿನ ಸೀಟಿನ ಮೇಲೆ ಬಿದ್ದಿತ್ತು, ಅದನ್ನು ಯಾರೂ ಮುಟ್ಟಲಿಲ್ಲ.